ಸಹಾಯ ಬೇಕು: ಪಾಳಿ ಕೆಲಸದ ನಡುವೆ ಮೂರು ಆನ್‌ಲೈನ್ ಆಟ

ತುಮಕೂರಿನ ಗೆಳೆಯರೇ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ನನ್ನದು. ಮನೆ ಸೇರಿ ಊಟ ಮುಗಿಸಿದ ಮೇಲೆ ಒಂದೂವರೆ ಗಂಟೆ ಉಳಿದರೆ ಪುಣ್ಯ. ಅಷ್ಟರಲ್ಲೇ ಮೂರು ಆಟ ಹೊಂದಿಸಬೇಕು. ಗುಂಡು ಹಾರಿಸುವ ಆಟ ವ್ಯಾಲೊರಂಟ್‌ನ ರ‍್ಯಾಂಕ್ (ಶ್ರೇಣಿ ಲೆಕ್ಕದ) ಪಂದ್ಯದಲ್ಲಿ ಒಂದು ತಂಡ ಕನಿಷ್ಠ 13 ಸುತ್ತು ಗೆಲ್ಲುವವರೆಗೂ ಏಳುವಂತಿಲ್ಲ. ನಡುವೆ ಬಿಟ್ಟರೆ ದಂಡನೆ. ಬಿಜಿಎಂಐನ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎರಾಂಗಲ್ ನಕ್ಷೆಯಲ್ಲಿ ಕೊನೆಯವರೆಗೆ ಉಳಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. (ಬೇಗ ಸತ್ತರೆ ಸಮಯ ಉಳಿಯುತ್ತದೆ, ಜೊತೆಗಾರರ ಬೈಗುಳ ತಪ್ಪುವುದಿಲ್ಲ.) ಕ್ಲ್ಯಾಶ್ ಆಫ್ ಕ್ಲಾನ್ಸ್ ಮಾತ್ರ ಕರುಣಾಮಯಿ: ಕ್ಲಾನ್‌ಗಳ (ಆಟಗಾರರ ಗುಂಪುಗಳ) ಯುದ್ಧದ ದಿನ 24 ಗಂಟೆಯೊಳಗೆ ಎರಡು ದಾಳಿ ಮಾಡಿದರೆ ಸಾಕು.

ಎರಡನೇ ಪಾಳಿಯ ವಾರ ನಾನು ಬರುವಷ್ಟರಲ್ಲಿ ತಂಡವೆಲ್ಲ ಮಲಗಿರುತ್ತದೆ. ಪಾಳಿಯಲ್ಲಿ ದುಡಿಯುವವರು ಆಟಗಳನ್ನು ವಾರಕ್ಕೆ ಹೇಗೆ ಹಂಚಿಕೊಂಡಿದ್ದೀರಿ? ವ್ಯಾಲೊರಂಟ್‌ನ ಸ್ವಿಫ್ಟ್‌ಪ್ಲೇ ಎಂಬ ಚಿಕ್ಕ ಪಂದ್ಯ ಐದು ಸುತ್ತು ಗೆದ್ದರೆ ಮುಗಿಯುತ್ತದೆ; ಅದಕ್ಕೆ ತಡರಾತ್ರಿ ಜೊತೆಯಾಗುವವರು ಇದ್ದರೆ ತಿಳಿಸಿ. ‘ಎರಡು ಆಟ ಬಿಟ್ಟುಬಿಡು’ ಎಂಬ ಸಲಹೆ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.