ವಿವಿಯನ್ ಮಾಯರ್ ಚಿತ್ರಗಳ ಆ ತಟಸ್ಥ ನೋಟ ಎಲ್ಲಿಂದ ಬರುತ್ತದೆ?

ರಥಬೀದಿ ನೆರಳು:
ಅಮೆರಿಕದ ಬೀದಿ ಛಾಯಾಗ್ರಾಹಕಿ ಮಾಯರ್ ಅವರ ಚಿಕಾಗೋ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ನೋಡುವವರು ಅಯ್ಯೋ ಪಾಪ ಅನ್ನಲಿ ಎಂಬ ಒತ್ತಾಯವೇ ಇಲ್ಲ. ಆದರೂ ಕಣ್ಣು ಕದಲುವುದಿಲ್ಲ. ಇದು ಕ್ಯಾಮೆರಾದ ಗುಣವೋ, ನಿಲ್ಲುವ ರೀತಿಯೋ? ಮಲ್ಪೆ ಬಂದರಿನಲ್ಲಿ ಹತ್ತಿರ ನಿಂತು ಅಗಲ ನೋಟದ 28 ಎಂಎಂ ಲೆನ್ಸ್ ಎತ್ತಿದರೆ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಹಾಕಿದರೆ ಯಾರೂ ನೋಡುವುದಿಲ್ಲ, ಆದರೆ ಚಿತ್ರ ಕದ್ದು ನೋಡಿದ ಹಾಗಿರುತ್ತದೆ.

ಎದೆಮಟ್ಟ:
ಅರ್ಧ ಉತ್ತರ ಕ್ಯಾಮೆರಾದಲ್ಲೇ ಉಂಟು ಮಾರಾಯ್ರೆ. ಮಾಯರ್ 1950ರ ದಶಕದಿಂದ ಬಳಸಿದ್ದು ರೋಲಿಫ್ಲೆಕ್ಸ್ ಎಂಬ ಎರಡು ಲೆನ್ಸಿನ ಫಿಲ್ಮ್ ಕ್ಯಾಮೆರಾ. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡುವುದು. ಎದುರಿನವರಿಗೆ ಗುರಿಯಿಟ್ಟ ಹಾಗೆ ಅನ್ನಿಸುವುದಿಲ್ಲ. ಲೆನ್ಸ್ ಕೆಳಗಿರುವುದರಿಂದ ನಿಂತವರು ತುಸು ಎತ್ತರವಾಗಿ, ಘನವಾಗಿ ಕಾಣುತ್ತಾರೆ. ಹರಿದ ಕೋಟಿನವನನ್ನೂ ಮೇಲಿನಿಂದ ನೋಡಿದ ಹಾಗಾಗುವುದಿಲ್ಲ. ನೀವು ಹೇಳುವ ಒತ್ತಾಯವಿಲ್ಲದ ಗುಣ ಬಹುಪಾಲು ಈ ಎತ್ತರದ್ದು. ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ, ರೋಲಿಗೆ 12 ಚಿತ್ರ ಮಾತ್ರ. ಆತುರದವರಿಗೆ ಒಗ್ಗುವ ಯಂತ್ರವಲ್ಲ.

ಈಗಿನ ಕ್ಯಾಮೆರಾದಲ್ಲಿ ಪರದೆಯನ್ನು ಮೇಲ್ಮುಖ ಮಡಚಿದರೆ ಅದೇ ಭಂಗಿ ಸಿಗುತ್ತದೆ. ಮಲ್ಪೆಯಲ್ಲಿ ಒಂದೇ ತೊಡಕು: ಮೀನು ಮಾರುವವರು ಕೂತಿರುತ್ತಾರೆ, ನಿಮ್ಮ ಎದೆಮಟ್ಟ ಅವರ ನೆತ್ತಿಗಿಂತ ಮೇಲೆ. ಕುಕ್ಕರುಗಾಲಲ್ಲಿ ಕೂತು ಲೆನ್ಸನ್ನು ನೆಲದಿಂದ ಎರಡೂವರೆ ಅಡಿಗೆ ಇಳಿಸಿ. ಬಂಗುಡೆಯ ಬುಟ್ಟಿ, ನೋಟು ಎಣಿಸುವ ಬೆರಳು, ಮುಖ, ಮೂರೂ ಆಗ ಒಟ್ಟಿಗೆ ಬರುತ್ತವೆ.

ಎಫ್ ಎಂಟು:
70-200ರ ತೊಂದರೆ ಇದು: ಹದಿನೈದು ಮೀಟರ್ ಆಚೆ ನಿಂತು 200ರಲ್ಲಿ ತೆಗೆದಾಗ ಮುಖ ಮಾತ್ರ ಉಳಿದು ಸುತ್ತಲಿನದೆಲ್ಲ ಮಸುಕಾಗುತ್ತದೆ. ಆ ಮನುಷ್ಯ ಎಲ್ಲಿದ್ದಾನೆ, ಪಕ್ಕದಲ್ಲಿ ಯಾರು ಎಂಬುದೇ ಹೋಗುತ್ತದೆ. ಮುಖ ಒಂದೇ ಉಳಿದರೆ ನೋಡುವವರು ಅದರಲ್ಲಿ ಭಾವನೆ ಹುಡುಕಲೇಬೇಕು.

28ನ್ನೇ ಇಟ್ಟುಕೊಳ್ಳಿ. ಫುಲ್‌ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಆದರೆ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್/8, ಫೋಕಸ್ ಕೈಯಾರೆ 2.5 ಮೀಟರಿಗೆ. ಸುಮಾರು 1.4ರಿಂದ 10 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಶಟರ್ 1/250 ಸೆಕೆಂಡು, ಬುಟ್ಟಿ ಹೊತ್ತು ಎದುರಿನಿಂದ ಅಡ್ಡ ಹಾಯುವವರಿದ್ದರೆ 1/500. ಬೆಳಕಿನ ಸಂವೇದನೆ, ಅಂದರೆ ಐಎಸ್ಒ, ಆಟೊ. ಮುಖ ಹುಡುಕುವ ಆಟೊಫೋಕಸ್ ಬಂದ್ ಮಾಡಿ. ಅದು ಯಾವಾಗಲೂ ಹತ್ತಿರದ ಮುಖಕ್ಕೆ ಹಾರುತ್ತದೆ, ನಿಮಗೆ ಬೇಕಾದದ್ದು ಹಿಂದಿನ ಕೈಯಾಗಿರಬಹುದು. ಏಲಂ ಶೆಡ್ಡಿನ ದೀಪದಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳಬಹುದು. ಅಲ್ಲಿ ಮೆಕ್ಯಾನಿಕಲ್ ಶಟರೇ ಇರಲಿ, 1/100.

ಹಳೇ ಬಂದರು:
ತಟಸ್ಥ ಎಂಬ ಮಾತಿಗೆ ನನ್ನದೊಂದು ತಕರಾರು. ಮಾಯರ್ ಅವರ ಎಷ್ಟೋ ಚಿತ್ರಗಳಲ್ಲಿ ಎದುರಿನವರು ನೇರ ಲೆನ್ಸನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಆಕೆ ಅಡಗಿ ನಿಂತವರಲ್ಲ. ಎದುರಿಗೇ ಇದ್ದು ಆ ಸಿಟ್ಟನ್ನು ಹಾಗೆಯೇ ದಾಖಲಿಸಿದವರು. ನಾನು ಇದನ್ನು ಸಾಕ್ಷಿಭಾವ ಎನ್ನುತ್ತೇನೆ. ಇನ್ನೊಂದು: ಲಕ್ಷಕ್ಕೂ ಮೀರಿದ ಆ ನೆಗೆಟಿವ್‌ಗಳು ಹರಾಜಿನಲ್ಲಿ ಬೇರೆಯವರ ಕೈಸೇರಿದ್ದು 2007ರಲ್ಲಿ, ಆಕೆ ತೀರಿಕೊಂಡದ್ದು 2009ರಲ್ಲಿ. ನಾವು ನೋಡುತ್ತಿರುವ ಆಯ್ಕೆ ಬಹುಪಾಲು ಬೇರೆಯವರದು. ನೋಟ ಆಕೆಯದು, ಸಾಲು ಜೋಡಿಸಿದ್ದು ಇನ್ಯಾರೋ.

ಚಿತ್ರ ಓದಲು ಒಂದು ಉಪಾಯ: ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ನೋಡಿ. ಫ್ರಾನ್ಸಿನ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ ಚಿತ್ರದಲ್ಲಿ ಮುಖ ಕಾಣುವುದೇ ಇಲ್ಲ. ನೀರಿನ ಮೇಲೆ ನೆಗೆದವನ ಹಿಮ್ಮಡಿ ಇನ್ನೇನು ನೀರು ಮುಟ್ಟಬೇಕು; ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನರ್ತಕಿಯೊಬ್ಬಳು ಅದೇ ಥರ ನೆಗೆಯುತ್ತಿದ್ದಾಳೆ. ಆತ ಯಾರು, ಯಾಕೆ ಓಡುತ್ತಿದ್ದಾನೆ ಎಂದು ಚಿತ್ರ ಹೇಳುವುದಿಲ್ಲ.

ರಥಬೀದಿ ನೆರಳು:
ಎಲ್ಲರಿಗೂ ಧನ್ಯವಾದ. ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬೇಕು?

ಎದೆಮಟ್ಟ:
ಇಪ್ಪತ್ತು ನಿಮಿಷವಾದರೂ. ಮೊದಲ ಹತ್ತರಲ್ಲಿ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಆಗ ತೆಗೆಯಬೇಡಿ. ಐಸ್ ಗಾಡಿ, ಬುಟ್ಟಿ ಸಾಗುವ ದಾರಿ ಬಿಟ್ಟು ಕಂಬಕ್ಕೆ ಒರಗಿ ನಿಲ್ಲಿ. ಯಾರಾದರೂ ಬೇಡ ಅಂದರೆ ಅಲ್ಲೇ ನಿಲ್ಲಿಸಿ, ತೆಗೆದದ್ದನ್ನು ತೋರಿಸಿ ಅಳಿಸಿ. ಎಸಿ ಕೋಣೆಯಿಂದ ನೇರ ಬಂದರೆ ಲೆನ್ಸ್ ಮಂಜಾಗುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಕಾಲು ಗಂಟೆ ಕಾಯಿರಿ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗಲೂ ಹೋಗಿ. ಏಲಂ ಗಲಾಟೆ ಇರುವುದಿಲ್ಲ, ಬಲೆ ದುರಸ್ತಿಗೆ ಕೂತವರ ಕೈ ಗಂಟೆಗಟ್ಟಲೆ ಒಂದೇ ಲಯದಲ್ಲಿ ಆಡುತ್ತಿರುತ್ತದೆ. ಮಳೆಗೆ ಲೆನ್ಸ್ ಹುಡ್ ಮತ್ತು ಎರಡು ಒಣ ಹತ್ತಿಬಟ್ಟೆ ಜೊತೆಗಿರಲಿ.