ತಾಳಿ ಇದೆ, ಸರ್ಟಿಫಿಕೇಟ್ ಇದೆಯಾ?

ಮಗಳು ಐದಾರು ವರ್ಷದಿಂದ ಒಬ್ಬ ಹುಡುಗನ ಜೊತೆ ಮನೆ ಮಾಡಿಕೊಂಡಿದ್ದಾಳೆ, ಮದುವೆ ಮಾತೆತ್ತಿದರೆ ಬೇಡ ಅಂತಾಳೆ, ನಾಳೆ ಏನಾದರೂ ಆದರೆ ಅವಳಿಗೆ ಏನು ಹಕ್ಕಿದೆ ಎಂದು ಇಂಗ್ಲೆಂಡಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ತಾಯಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಅರ್ಧ ಬುದ್ಧಿವಾದ. ಉಳಿದರ್ಧ ಸಮಾಧಾನ: "ಚಿಂತೆ ಮಾಡಬೇಡಿ, ಇಲ್ಲಿ ಎರಡು ವರ್ಷ ಜೊತೆಗಿದ್ದರೆ ಕಾಮನ್ ಲಾ ವೈಫ್ ಆಗ್ತಾರೆ, ಹೆಂಡತಿಯಷ್ಟೇ ಹಕ್ಕು." ಬುದ್ಧಿವಾದ ಬಿಡಿ, ಅದು ನಮಗೆಲ್ಲ ಅಭ್ಯಾಸ. ಅಪಾಯ ಇರುವುದು ಆ ಸಮಾಧಾನದಲ್ಲಿ.

ಇಂಗ್ಲೆಂಡ್ ಮತ್ತು ವೇಲ್ಸ್ ಕಾನೂನಿನಲ್ಲಿ ಕಾಮನ್ ಲಾ ವೈಫ್ ಅಂತ ಯಾರೂ ಇಲ್ಲ. ಎರಡು ವರ್ಷ ಇದ್ದರೂ ಅಷ್ಟೇ, ಇಪ್ಪತ್ತು ವರ್ಷ ಇದ್ದರೂ ಅಷ್ಟೇ. ಎರಡು ವರ್ಷದ ಮಾತು ನಮ್ಮವರ ಬಾಯಿಗೆ ವೀಸಾದಿಂದ ಬಂದಿರಬೇಕು. ಎರಡು ವರ್ಷದ ಗಟ್ಟಿ ಸಂಬಂಧ ತೋರಿಸಿದರೆ ಹೋಮ್ ಆಫೀಸ್ (ಇಲ್ಲಿನ ಗೃಹ ಇಲಾಖೆ) 'ಅನ್‌ಮ್ಯಾರಿಡ್ ಪಾರ್ಟ್ನರ್' ಎಂದು ಒಪ್ಪುತ್ತದೆ. ಆದರೆ ವೀಸಾ ಕೊಟ್ಟರೆಂದು ಆಸ್ತಿಯಲ್ಲಿ ಪಾಲು ಬರುವುದಿಲ್ಲ. ಇಲ್ಲವೇ ಮೆಲ್ಬರ್ನ್ ನೆಂಟರು ಹೇಳಿದ್ದನ್ನು ಇಲ್ಲಿಗೂ ಅಂಟಿಸಿದ್ದೇವೆ. ಆಸ್ಟ್ರೇಲಿಯಾದಲ್ಲಿ ಎರಡು ವರ್ಷ ಜೊತೆಗಿದ್ದವರು ಬೇರೆಯಾದರೆ ಸಾಮಾನ್ಯವಾಗಿ ಗಂಡ ಹೆಂಡತಿಯ ಹಾಗೇ ಆಸ್ತಿ ಹಂಚಿಕೆ ಕೇಳಬಹುದು. ಸ್ಕಾಟ್ಲೆಂಡಿನಲ್ಲೂ 2006ರ ಕಾನೂನು ಸ್ವಲ್ಪ ಆಸರೆ ಕೊಡುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ.

ಎಷ್ಟು ಇಲ್ಲ ಎನ್ನುವುದಕ್ಕೆ 1984ರ ಬರ್ನ್ಸ್ ಕೇಸ್ ನೋಡಿ. ಆಕೆ ಮದುವೆಯಾಗದೆ 19 ವರ್ಷ ಒಬ್ಬನ ಜೊತೆ ಬಾಳಿದರು. ಇಬ್ಬರು ಮಕ್ಕಳನ್ನು ಬೆಳೆಸಿದರು, ಅವನ ಹೆಸರನ್ನೇ ಇಟ್ಟುಕೊಂಡಿದ್ದರು. ಮನೆ ಮಾತ್ರ ಅವನೊಬ್ಬನ ಹೆಸರಿನಲ್ಲಿತ್ತು. ಬೇರೆಯಾದಾಗ ಮನೆಯಲ್ಲಿ ಕೋರ್ಟ್ ಕೊಟ್ಟದ್ದು ಸೊನ್ನೆ. ಮನೆಗೆಲಸ, ಮಕ್ಕಳ ಪಾಲನೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಮದುವೆಯಾಗಿದ್ದರೆ ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಆಮೇಲೆ ಬಂದ ತೀರ್ಪುಗಳು ನಿಯಮವನ್ನು ಸ್ವಲ್ಪ ಸಡಿಲ ಮಾಡಿವೆ, ಆದರೆ ದುಡ್ಡು ಹಾಕಿದ್ದೇನೆ, ಹೀಗಂತ ಮಾತಾಗಿತ್ತು ಎಂದು ತೋರಿಸುವ ಹೊರೆ ಇವತ್ತಿಗೂ ಮನೆಪತ್ರದಲ್ಲಿ ಹೆಸರಿಲ್ಲದವರ ಮೇಲೇ.

ಹಾಗಾಗಿ ಆ ತಾಯಿ ಮಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವಾಗ ಮದುವೆ?" ಅಲ್ಲ, "ಮನೆ ಯಾರ ಹೆಸರಿನಲ್ಲಿದೆ?" ಇಬ್ಬರ ಹೆಸರಿನಲ್ಲಿದೆ ಅಂದರೆ ಇನ್ನೊಂದು ಕೇಳಿ: ಜಾಯಿಂಟ್ ಟೆನೆಂಟ್ಸಾ, ಟೆನೆಂಟ್ಸ್ ಇನ್ ಕಾಮನ್ನಾ? ಮೊದಲನೆಯದಾದರೆ ಒಬ್ಬರು ಹೋದಾಗ ಮನೆ ತಾನಾಗಿ ಉಳಿದವರಿಗೆ. ಎರಡನೆಯದಾದರೆ ಅವರವರ ಪಾಲು ಅವರವರ ವಾರಸುದಾರರಿಗೆ. ವಿಲ್ ಇಲ್ಲದಿದ್ದರೆ, ಮಕ್ಕಳೂ ಇಲ್ಲದಿದ್ದರೆ, ಹುಡುಗನ ಪಾಲು ಅವನ ಅಪ್ಪ ಅಮ್ಮನಿಗೆ ಹೋಗುತ್ತದೆ. ನಿಮ್ಮ ಮಗಳು ಅವರ ಜೊತೆ ಅರ್ಧ ಮನೆ ಹಂಚಿಕೊಂಡು ಕೂರಬೇಕು. ಸಾಯುವ ಮುಂಚೆ ಎರಡು ವರ್ಷ ಒಂದೇ ಮನೆಯಲ್ಲಿದ್ದ ಪಾರ್ಟ್ನರ್ 1975ರ ಕಾಯ್ದೆಯಡಿ ಕೋರ್ಟಿಗೆ ಹೋಗಿ ಜೀವನಕ್ಕೆ ಬೇಕಾದಷ್ಟು ಕೇಳಬಹುದು, ನಿಜ. ಆದರೆ ಅದು ಕೇಳಿಕೊಂಡು ಪಡೆಯುವುದು. ದುಃಖದಲ್ಲಿರುವಾಗ ಸತ್ತವನ ಮನೆಯವರ ಮೇಲೇ ಕೇಸ್ ಹಾಕೋದು ಯಾರಿಗೆ ಬೇಕು? ಒಂದು ವಿಲ್ ಬರೆದರೆ ಈ ರಗಳೆ ಬಹುಪಾಲು ತಪ್ಪುತ್ತದೆ.

ವಿಲ್ ಇದ್ದರೂ ತೆರಿಗೆ ತಪ್ಪುವುದಿಲ್ಲ. ಗಂಡ ಹೆಂಡತಿಗೆ ಬಿಟ್ಟದ್ದಕ್ಕೆ ಸಾಮಾನ್ಯವಾಗಿ ಇನ್ಹೆರಿಟೆನ್ಸ್ ಟ್ಯಾಕ್ಸ್ (ಸತ್ತವರು ಬಿಟ್ಟುಹೋದ ಆಸ್ತಿ ಮೇಲಿನ ತೆರಿಗೆ) ಇಲ್ಲ. ಪಾರ್ಟ್ನರ್‌ಗೆ ಬಿಟ್ಟರೆ 3,25,000 ಪೌಂಡಿನ ಮೇಲಿನದಕ್ಕೆ ಶೇಕಡಾ 40. ಲಂಡನ್ ಸುತ್ತಮುತ್ತ ಆ ಮಿತಿ ದಾಟಲು ಒಂದು ಸಾಧಾರಣ ಮನೆ ಸಾಕು.

ಮಕ್ಕಳ ವಿಷಯ ಇಷ್ಟು ಕೆಟ್ಟದಾಗಿಲ್ಲ. 2003ರ ಡಿಸೆಂಬರ್‌ನಿಂದ ಬರ್ತ್ ಸರ್ಟಿಫಿಕೇಟಿನಲ್ಲಿ ಹೆಸರು ಹಾಕಿಸಿದ ಅಪ್ಪನಿಗೆ ತಾಯಿಯಷ್ಟೇ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ, ಅಂದರೆ ಮಗುವಿನ ವಿಷಯದಲ್ಲಿ ಕಾನೂನಿನ ಹಕ್ಕು ಮತ್ತು ಹೊಣೆ, ಇದೆ. ಮದುವೆಯಾಗದಿದ್ದರೆ ನೋಂದಣಿಗೆ ಸಾಮಾನ್ಯವಾಗಿ ಇಬ್ಬರೂ ಜೊತೆಗೆ ಹೋಗಬೇಕು, ಅದನ್ನು ಮರೆಯಬೇಡಿ. ಮಗುವಿನ ಖರ್ಚಿಗೆ ಹಣ ಕೊಡುವ ಹೊಣೆ ಹೇಗೂ ತಪ್ಪುವುದಿಲ್ಲ. ಉತ್ತರ ಐರ್ಲೆಂಡಿನ ಶಿವಾನ್ ಮೆಕ್‌ಲಾಫ್ಲಿನ್ ತಮ್ಮ ಪಾರ್ಟ್ನರ್ ಜೊತೆ 23 ವರ್ಷ ಬಾಳಿ ನಾಲ್ಕು ಮಕ್ಕಳನ್ನು ಬೆಳೆಸಿದ್ದರು. 2014ರಲ್ಲಿ ಆ ಪಾರ್ಟ್ನರ್ ತೀರಿಕೊಂಡಾಗ ಮದುವೆ ಆಗಿಲ್ಲವೆಂದು ಸರ್ಕಾರ ವಿಧವಾ ಭತ್ಯೆ ನಿರಾಕರಿಸಿತು. ಆಕೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಲ್ಲಿ ಗೆದ್ದರು. ಅದರ ಫಲವಾಗಿ 2023ರಿಂದ ಮಕ್ಕಳಿರುವ ಅವಿವಾಹಿತ ಪಾರ್ಟ್ನರ್‌ಗಳಿಗೂ ಆ ನೆರವು ಸಿಗುತ್ತಿದೆ.

ಇನ್ನು ಗುಂಪಿನಲ್ಲಿ ಯಾರೂ ಎತ್ತದ ಮಾತು. ಜೊತೆಗಿರುವ ಹುಡುಗ ಹುಡುಗಿಯರ ಬಗ್ಗೆ ನಾವು ಪಿಸುಗುಟ್ಟುತ್ತೇವೆ. ಇಲ್ಲೇ ಹಾಲ್ ಬುಕ್ ಮಾಡಿ, ಮಂಟಪ ಹಾಕಿಸಿ, ಪುರೋಹಿತರನ್ನು ಕರೆಸಿ, ಮುನ್ನೂರು ಜನಕ್ಕೆ ಹೋಳಿಗೆ ಊಟ ಬಡಿಸಿದವರ ಬಗ್ಗೆ? ಆ ಹಾಲ್‌ನಲ್ಲಿ ರಿಜಿಸ್ಟ್ರಾರ್ ಇರಲಿಲ್ಲ, "ರಿಜಿಸ್ಟ್ರಿ ಆಮೇಲೆ ಮಾಡಿಸಿದರಾಯ್ತು" ಎಂದು ಬಿಟ್ಟರು ಅನ್ನಿ. ಕಾನೂನಿನ ಕಣ್ಣಿಗೆ ಅವರೂ ಸುಮ್ನೆ ಜೊತೆಗಿರುವ ಜೋಡಿಯೇ. ಧಾರೆ, ಸಪ್ತಪದಿ, ಕರಿಮಣಿ, ಫೋಟೋ ಆಲ್ಬಮ್ ಯಾವುದೂ ಇದನ್ನು ಬದಲಿಸುವುದಿಲ್ಲ. 2020ರ ಅಖ್ತರ್ ಕೇಸಿನಲ್ಲಿ ಹೀಗೇ ಆಯಿತು. 1998ರಲ್ಲಿ ಲಂಡನ್ನಿನ ಸೌತಾಲ್‌ನ ರೆಸ್ಟೋರೆಂಟ್ ಒಂದರಲ್ಲಿ ನಿಕಾ ಆಗಿತ್ತು, ನಾಲ್ಕು ಮಕ್ಕಳು. ಕೋರ್ಟ್ ಆಫ್ ಅಪೀಲ್ ಅದನ್ನು ಅಸಿಂಧು ಮದುವೆ ಅಂತಲೂ ಒಪ್ಪಲಿಲ್ಲ, ಮದುವೆಯೇ ಅಲ್ಲ ಎಂದಿತು. ಅಸಿಂಧು ಅಂದಿದ್ದರೆ ಕನಿಷ್ಠ ಜೀವನಾಂಶ ಕೇಳಬಹುದಿತ್ತು.

ಊರಲ್ಲಿ ಮದುವೆಯಾಗಿ ಬಂದವರು ಹೆದರಬೇಕಿಲ್ಲ. ಮಂಡ್ಯದಲ್ಲೋ ಧಾರವಾಡದಲ್ಲೋ ಶಾಸ್ತ್ರೋಕ್ತವಾಗಿ ಆದ ಮದುವೆ ಅಲ್ಲಿ ಸಿಂಧುವಾದರೆ ಇಲ್ಲೂ ಸಿಂಧು. ಇಲ್ಲಿನ ದೇವಸ್ಥಾನ ಮದುವೆಗೆಂದೇ ನೋಂದಾಯಿಸಿಕೊಂಡಿದ್ದರೆ ಅದೂ ಸರಿ, ಆದರೆ ಕೇಳಿಯೇ ಖಚಿತ ಮಾಡಿಕೊಳ್ಳಿ.

"ಇಂಡಿಯಾದಲ್ಲಾದರೆ ಲಿವ್-ಇನ್‌ಗೂ ರಕ್ಷಣೆ ಇದೆಯಲ್ವಾ?" ಎಂದು ಒಬ್ಬರು ಬರೆದಿದ್ದರು. ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧವನ್ನೂ ಒಳಗೊಂಡಿದೆ. ಆದರೆ ಎಲ್ಲ ಸಂಬಂಧವನ್ನೂ ಅಲ್ಲ. ಬೆಂಗಳೂರಿನ ಇಂದ್ರಾ ಶರ್ಮಾ ಕೇಸಿನಲ್ಲಿ ಗಂಡಸಿಗೆ ಮೊದಲೇ ಮದುವೆಯಾಗಿತ್ತು, ಅದು ಆಕೆಗೂ ಗೊತ್ತಿತ್ತು. ಹಾಗಾಗಿ 2013ರಲ್ಲಿ ಸುಪ್ರೀಂ ಕೋರ್ಟ್ ಆಕೆಗೆ ಪರಿಹಾರ ಕೊಡಲಿಲ್ಲ. ಇನ್ನು ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ನಾಗರಿಕರಿಗೂ ಅವರ ಸಂಗಾತಿಗೂ ಭಾರತ ಕೊಡುವ ಕಾರ್ಡ್): ಸಂಗಾತಿ ಅಂತ ಪಡೆಯಬೇಕಾದರೆ ನೋಂದಣಿಯಾದ ಮದುವೆ, ಅದೂ ಎರಡು ವರ್ಷ ಹಳೆಯದು ಬೇಕು. ಪಾರ್ಟ್ನರ್‌ಗೆ ಅಲ್ಲಿ ಜಾಗವಿಲ್ಲ.

ಆ ತಾಯಿಗೆ ಇನ್ನೊಂದು ಮಾತು. ಮನೆಯ ಡೆಪಾಸಿಟ್‌ಗೆ ನೀವು ದುಡ್ಡು ಕೊಟ್ಟಿದ್ದರೆ ಅದು ಉಡುಗೊರೆಯೋ ಸಾಲವೋ, ಯಾರ ಪಾಲಿಗೆ ಎಷ್ಟು, ಎಲ್ಲವನ್ನೂ ಸಾಲಿಸಿಟರ್ ಕೈಲಿ ಡಿಕ್ಲರೇಷನ್ ಆಫ್ ಟ್ರಸ್ಟ್ ಆಗಿ ಬರೆಸಿ. ಮದುವೆ ಅನ್ನುವ ಪದವೇ ಮಗಳಿಗೆ ಇಷ್ಟವಿಲ್ಲದಿದ್ದರೆ 2019ರ ಡಿಸೆಂಬರ್ 31ರಿಂದ ಗಂಡು ಹೆಣ್ಣಿನ ಜೋಡಿಗೂ ಸಿವಿಲ್ ಪಾರ್ಟ್ನರ್‌ಶಿಪ್ ಸಿಗುತ್ತದೆ. ತಾಳಿಯಿಲ್ಲ, ಪ್ರತಿಜ್ಞೆಯಿಲ್ಲ. ಸಹಿ ಮಾಡಿದರೆ ಸಾಕು, ಇಲ್ಲಿ ಹಕ್ಕು ಹೆಚ್ಚುಕಮ್ಮಿ ಗಂಡ ಹೆಂಡತಿಯಷ್ಟೇ.

ಹಾಲ್ ಮದುವೆ ಮಾಡಿ ರಿಜಿಸ್ಟ್ರಿ ಬಿಟ್ಟವರು ಇಬ್ಬರೂ ರಿಜಿಸ್ಟರ್ ಆಫೀಸಿಗೆ ಖುದ್ದಾಗಿ ಹೋಗಿ, ಮದುವೆಯಾಗುತ್ತೇವೆ ಎಂದು ನೋಟಿಸ್ ಕೊಡಬೇಕು. ಕಾನೂನಿನ ಮದುವೆಗೆ ಮುಂಚೆ 28 ದಿನ ಕಾಯಬೇಕು, ವೀಸಾದಲ್ಲಿರುವವರಿಗೆ ಅದು 70 ದಿನಕ್ಕೂ ಹೋಗಬಹುದು. ಈ ವರ್ಷ ಮಕ್ಕಳ ಮದುವೆ ಇಟ್ಟುಕೊಂಡಿರುವವರು ಹಾಲ್‌ಗೆ ಅಡ್ವಾನ್ಸ್ ಕೊಡುವ ಮುಂಚೆಯೇ ನೋಟಿಸ್ ಮತ್ತು ರಿಜಿಸ್ಟ್ರಿಯ ತಾರೀಖು ಗೊತ್ತು ಮಾಡಿಕೊಳ್ಳಿ.