ಮಾಡದೇ ಬಿಟ್ಟದ್ದು ಯಾವ ಬಗೆಯ ಪಾಪ?

ಮಲೆನಾಡಿನವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಚಿಕ್ಕಮಗಳೂರು ಕಡೆಯವಳು, ಕ್ಯಾಥೊಲಿಕ್. ಈಗ ಬೆಂಗಳೂರಲ್ಲಿದ್ದೇನೆ. ನಮ್ಮ ಯಜಮಾನರು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟೆಂಟ್. ಮೂರು ವಾರದ ಹಿಂದೆ ರಾತ್ರಿ ಹತ್ತೂವರೆಗೆ ಯಾರೋ ಬಾಗಿಲು ತಟ್ಟಿದರು. ಬಾಗಿಲ ಕಿಂಡಿಯಲ್ಲಿ ನೋಡಿದೆ. ಎದುರು ಮನೆ ಅಜ್ಜಿ. ಒಬ್ಬರೇ ಇರುವವರು. ಬಂದರೆ ಒಂದು ಗಂಟೆ ಕೂರುತ್ತಾರೆ, ಮಗಳ ಮನೆ ವಿಷಯ, ಮೊಣಕಾಲು ನೋವು, ಸೊಪ್ಪಿನ ರೇಟು, ಎಲ್ಲ ಆಗಬೇಕು. ನನಗೆ ಬೆಳಗ್ಗೆ ಐದಕ್ಕೆ ಏಳಬೇಕಿತ್ತು, ಮಗ ಆಗಷ್ಟೇ ಮಲಗಿದ್ದ, ಯಜಮಾನರು ಊರಲ್ಲಿರಲಿಲ್ಲ. ಬಾಗಿಲ ಹಿಂದೆ ಉಸಿರು ಬಿಗಿ ಹಿಡಿದು ಸುಮ್ನೆ ನಿಂತೆ. ಇನ್ನೊಂದು ಸಲ ತಟ್ಟಿದರು. ಆಮೇಲೆ ಚಪ್ಪಲಿ ಎಳೆದುಕೊಂಡು ವಾಪಸ್ ಹೋದ ಸದ್ದು ಕೇಳಿಸಿತು.

ಅವರ ಮನೆ ಫ್ಯೂಸ್ ಹೋಗಿತ್ತಂತೆ. ಮೇಣದಬತ್ತಿ ಕೇಳೋಕೆ ಬಂದಿದ್ದರು. ಕತ್ತಲಲ್ಲಿ ಬಚ್ಚಲುಮನೆ ಹೊಸ್ತಿಲು ಎಡವಿ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಬೆಳಗ್ಗೆ ಹಾಲಿನವನು ನರಳುವ ಸದ್ದು ಕೇಳಿ ಎಲ್ಲರನ್ನೂ ಕರೆದ. ಆಪರೇಷನ್ ಆಯಿತು, ಈಗ ಮಗಳ ಮನೆಯಲ್ಲಿದ್ದಾರೆ.

ಯಾರಿಗೂ ನಾನು ಬಾಗಿಲ ಹಿಂದೆ ನಿಂತಿದ್ದೆ ಅಂತ ಗೊತ್ತಿಲ್ಲ. ಅಮ್ಮನಿಗೆ ಹೇಳಿದರೆ "ನೀನೇನು ಮಾಡಿದೆ, ನೀನೇನೂ ಮಾಡಲಿಲ್ಲವಲ್ಲ" ಅಂದರು. ನನ್ನ ಸಂಕಟವೇ ಅದು ಅಲ್ವಾ? ಯಜಮಾನರು "ಪಾಪದಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ಲ, ಎಲ್ಲ ಒಂದೇ, ಪ್ರಾರ್ಥನೆ ಮಾಡಿ ಬಿಟ್ಟುಬಿಡು" ಅಂತಾರೆ. ನಾವು ಚಿಕ್ಕವರಿದ್ದಾಗ ಕಲಿತದ್ದು ಮಾರಕ ಪಾಪ, ಅಲ್ಪ ಪಾಪ ಅಂತ ಬೇರೆ ಬೇರೆ. ಇದು ಯಾವುದು? ಮೂರು ಭಾನುವಾರದಿಂದ ಪೂಜೆಗೆ ಹೋಗುತ್ತೇನೆ, ಅಲ್ಲಿ ಕೊಡುವ ಪವಿತ್ರ ರೊಟ್ಟಿ, ಪರಮಪ್ರಸಾದ, ತೆಗೆದುಕೊಳ್ಳದೆ ಬೆಂಚಲ್ಲೇ ಕೂತಿರುತ್ತೇನೆ. ತಿಳಿದವರು ಹೇಳಿ.

ಜ್ಞಾನೋಪದೇಶದ ಟೀಚರ್:

ಮಗಳೇ, ಮೈಸೂರಿನಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಸುಮಾರು ವರ್ಷ ಜ್ಞಾನೋಪದೇಶ ಹೇಳಿಕೊಟ್ಟವಳು ನಾನು. ಸಮಾಧಾನ ಮಾಡಿಕೊಂಡು ಓದು.

ಮಾಡದೇ ಬಿಟ್ಟದ್ದೂ ಪಾಪ ಆಗಬಹುದು, ಅದರಲ್ಲಿ ಅನುಮಾನವಿಲ್ಲ. ಯಾಕೋಬನ ಪತ್ರ ನಾಲ್ಕನೇ ಅಧ್ಯಾಯದ ಕೊನೆಯ ವಚನ ತೆಗೆದು ನೋಡು, ಒಳ್ಳೆಯದು ಯಾವುದು ಅಂತ ಗೊತ್ತಿದ್ದೂ ಮಾಡದವನಿಗೆ ಅದು ಪಾಪ ಅಂತಲೇ ಇದೆ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನನ್ನು ನೋಡಿಯೂ ಪಕ್ಕಕ್ಕೆ ಸರಿದು ಹೋದ ಯಾಜಕ ಅವನಿಗೆ ಹೊಡೆಯಲಿಲ್ಲ, ಬಡಿಯಲಿಲ್ಲ. ಲಾಜರನ ಕಥೆಯ ಶ್ರೀಮಂತನೂ ಅಷ್ಟೆ, ಬಾಗಿಲಲ್ಲಿ ಬಿದ್ದಿದ್ದವನನ್ನು ಓಡಿಸಿದ ಅಂತ ಲೂಕ ಎಲ್ಲೂ ಬರೆದಿಲ್ಲ. ಊಟ ಮಾಡಿಕೊಂಡು ಒಳಗೆ ಕೂತಿದ್ದ, ಅಷ್ಟೇ. ಪೂಜೆಯ ಶುರುವಲ್ಲಿ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುತ್ತೇವಲ್ಲ, ಅದರಲ್ಲಿ ಯೋಚನೆ, ಮಾತು, ನಡತೆ ಆದ ಮೇಲೆ ಕರ್ತವ್ಯಲೋಪ ಬರುತ್ತದೆ. ಹಳೆಯ ಲ್ಯಾಟಿನ್ ಪ್ರಾರ್ಥನೆಯಲ್ಲಿ ಮೊದಲ ಮೂರೇ ಇದ್ದವು. ನಾಲ್ಕನೆಯದನ್ನು ಸೇರಿಸಿದ್ದು ನಮ್ಮ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ಮೇಲೆ, 1970ರ ಪೂಜಾಗ್ರಂಥದಲ್ಲಿ. ಸೇರಿಸಿದ್ದು ತುಂಬಾ ಒಳ್ಳೆಯದಾಯಿತು ಅಂತ ನನಗೆ ಪ್ರತಿ ಭಾನುವಾರ ಅನಿಸುತ್ತದೆ.

ಈಗ ಮಾರಕ, ಅಲ್ಪ ವಿಷಯ. ಮಾರಕ ಪಾಪ ಆಗಬೇಕಾದರೆ ಮೂರೂ ಒಟ್ಟಿಗೆ ಇರಬೇಕು. ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಅಂತ ಪೂರ್ತಿ ಗೊತ್ತಿರಬೇಕು, ಗೊತ್ತಿದ್ದೂ ಮನಸ್ಸಾರೆ ಒಪ್ಪಿ ಮಾಡಿರಬೇಕು. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದಲ್ಲೂ ಇದನ್ನೇ ಹೇಳಿದೆ. ಮಾರಕ ಅನ್ನುವ ಹೆಸರು ಯಾಕೆ ಅಂದರೆ ಅದು ದೇವರ ಜೊತೆಗಿನ ಜೀವದ ನಂಟನ್ನೇ ಕಡಿದುಹಾಕುತ್ತದೆ. ಅಲ್ಪ ಪಾಪದಲ್ಲಿ ನಂಟು ಕಡಿಯುವುದಿಲ್ಲ, ಗಾಯ ಆಗುತ್ತದೆ.

ನಿನ್ನ ವಿಷಯಕ್ಕೆ ಬಾ. ಅಜ್ಜಿಯ ಸೊಂಟ ಮುರಿದದ್ದು ದೊಡ್ಡ ಅನಾಹುತ. ಆದರೆ ಪಾಪದ ತೂಕ ನೋಡುವುದು ಆಮೇಲೆ ಏನಾಯಿತು ಅನ್ನುವುದೊಂದರಿಂದಲೇ ಅಲ್ಲ. ಆ ಹೊತ್ತಿಗೆ ನಿನಗೆ ಏನು ಗೊತ್ತಿತ್ತು? ಹರಟೆಗೆ ಬಂದಿದ್ದಾರೆ ಅಂದುಕೊಂಡೆ. ಕತ್ತಲಲ್ಲಿದ್ದಾರೆ ಅಂತ ಗೊತ್ತಿದ್ದೂ ಬಾಗಿಲು ಹಾಕಿಕೊಂಡು ನಿಂತಿದ್ದರೆ ಮಾತೇ ಬೇರೆ ಇತ್ತು. ನನ್ನ ತಿಳುವಳಿಕೆಯಲ್ಲಿ ಇದು ಮಾರಕ ಪಾಪ ಅಲ್ಲ. ಪರಮಪ್ರಸಾದ ಬಿಡುವ ಅಗತ್ಯ ಇಲ್ಲ. ಹಾಗಂತ ಏನೂ ಅಲ್ಲ ಅಂತಲೂ ಹೇಳುತ್ತಿಲ್ಲ. ಫಾದರ್ ಹತ್ತಿರ ಪಾಪನಿವೇದನೆಗೆ ಹೋಗು, ಇಲ್ಲಿ ಬರೆದ ಹಾಗೇ ಹೇಳು, ಚಪ್ಪಲಿ ಸದ್ದು ಸಮೇತ.

ಹುಬ್ಬಳ್ಳಿ ಹುಡುಗ:

ಅಕ್ಕಾರ, ನಾನೂ ಸಿಎಸ್‌ಐ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ನಮ್ಮ ಮನೆತನ ಈ ಸಭೆಯಲ್ಲೇ ಇದೆ. ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅರ್ಧ ಇಲ್ಲ.

ಎಲ್ಲ ಪಾಪ ಒಂದೇ ಅನ್ನುವುದು ನಮ್ಮಲ್ಲಿ ಜಾಸ್ತಿ ಕೇಳಿಬರುವ ಮಾತು. ಅದರ ಬುಡ ರೋಮಾಪುರದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿದೆ, ಎಲ್ಲರೂ ಪಾಪ ಮಾಡಿದವರೇ. ಯಾಕೋಬನೂ ಎರಡನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರದ ಒಂದು ಮಾತು ಮೀರಿದವನು ಎಲ್ಲವನ್ನೂ ಮೀರಿದ ಹಾಗೆ ಅನ್ನುತ್ತಾನೆ. ಅಂದರೆ ನನ್ನದು ಸಣ್ಣ ಪಾಪ, ಅವನದು ದೊಡ್ಡದು, ಹಾಗಾಗಿ ನನಗೆ ಕ್ಷಮೆ ಬೇಕಾಗಿಲ್ಲ ಅಂತ ಯಾರೂ ದೇವರ ಮುಂದೆ ಎದೆ ಸೆಟೆದು ನಿಲ್ಲುವ ಹಾಗಿಲ್ಲ. ಅದರರ್ಥ ಪೆನ್ನು ಕದಿಯುವುದೂ ಕೊಲೆಯೂ ಒಂದೇ ಅಂತ ಅಲ್ಲ. ಯೇಸುಸ್ವಾಮಿಯೇ ತನ್ನ ವಿಚಾರಣೆ ಮಾಡಿದ ರೋಮನ್ ಅಧಿಪತಿ ಪಿಲಾತನ ಎದುರು ನಿಂತು, ನನ್ನನ್ನು ನಿನಗೆ ಒಪ್ಪಿಸಿದವನಿಗೆ ಹೆಚ್ಚಿನ ಪಾಪವಿದೆ ಅನ್ನುತ್ತಾನಲ್ಲ. ಹೆಚ್ಚು ಅಂದ ಮೇಲೆ ಕಡಿಮೆಯೂ ಇದೆ ಅಂತ ಆಯಿತು.

ಇನ್ನೊಂದು ಮಾತು. 1947ರಲ್ಲಿ ಸಿಎಸ್‌ಐ ಆದಾಗ ಬೇರೆ ಬೇರೆ ಸಭೆಗಳು ಕೂಡಿದವು, ಅದರಲ್ಲಿ ಆಂಗ್ಲಿಕನ್ನರೂ, ಅಂದರೆ ಇಂಗ್ಲೆಂಡಿನ ಸಭೆಯ ಪರಂಪರೆಯವರೂ, ಇದ್ದರು. ಅವರ ಪ್ರಾರ್ಥನಾ ಪುಸ್ತಕದಲ್ಲಿ 1552ರಿಂದ ಒಂದು ಪಾಪದರಿಕೆಯ ಪ್ರಾರ್ಥನೆ ಇದೆ. ಅದರಲ್ಲಿ ಮೊದಲು ಬರುವುದು ಮಾಡಬೇಕಾದ್ದನ್ನು ನಾವು ಮಾಡದೇ ಬಿಟ್ಟೆವು ಅನ್ನುವುದು. ಮಾಡಬಾರದ್ದನ್ನು ಮಾಡಿದೆವು ಅನ್ನುವುದು ಆಮೇಲೆ. ನಾನು ಇದನ್ನು ಗಮನಿಸಿದ ದಿನ ಆರಾಧನೆ ಮುಗಿದ ಮೇಲೂ ಎದ್ದು ಹೋಗಲು ಆಗಲಿಲ್ಲ, ಯಾಕಂದರೆ ನನ್ನ ಅಪ್ಪನಿಗೆ ನಾನು ಎರಡು ತಿಂಗಳಿಂದ ಫೋನ್ ಮಾಡಿರಲಿಲ್ಲ.

ಮನುಷ್ಯ ತನ್ನೊಳಗೇ ಬಾಗಿಕೊಂಡಿರುವುದೇ ಪಾಪ ಅಂತ ಮಾರ್ಟಿನ್ ಲೂಥರ್ ಪಾಠ ಹೇಳುತ್ತಿದ್ದರು. ನೀವು ಬಾಗಿಲ ಹಿಂದೆ ಉಸಿರು ಹಿಡಿದು ನಿಂತದ್ದು ಓದಿದಾಗ ನನಗೆ ಅದೇ ನೆನಪಾಯಿತು. ಬೈಯುತ್ತಿಲ್ಲ ಅಕ್ಕಾರ, ನಾವೆಲ್ಲ ದಿನಾ ಹಾಗೇ ನಿಲ್ಲುತ್ತೇವೆ.

ಆದರೆ ಪ್ರಾರ್ಥನೆ ಮಾಡಿ ಬಿಟ್ಟುಬಿಡು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮತ್ತಾಯ ಐದನೇ ಅಧ್ಯಾಯ ಓದಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅಂತ ಇದೆ. ಅಜ್ಜಿಯನ್ನು ನೋಡಲು ಹೋಗಿದ್ದೀರಾ? ಅದನ್ನು ನೀವು ಬರೆದೇ ಇಲ್ಲ.

ಶಿರಸಿ ಓದುಗ:

ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ನಮ್ಮಲ್ಲಿ ಪಾಪ ಅಂದರೆ ಪುಣ್ಯದ ಎದುರು. ಒಂದಿಷ್ಟು ಪುಣ್ಯ ಮಾಡಿದರೆ ಪಾಪ ಕಳೆಯುತ್ತದೆ ಅನ್ನುವ ಲೆಕ್ಕ ಜನರ ಮನಸ್ಸಲ್ಲಿ ಇರುತ್ತದೆ. ನಿಮ್ಮಲ್ಲೂ ಹಾಗೆಯಾ? ಗರ್ವ, ದುರಾಸೆ, ಕೋಪ ಅಂತೆಲ್ಲ ಇರುವ ನಿಮ್ಮ ಏಳು ಪಾಪಗಳು ನಮ್ಮ ಅರಿಷಡ್ವರ್ಗದ ಹಾಗೇ ಇವೆಯಲ್ಲ? ಇನ್ನೊಂದು, ಕನ್ನಡದಲ್ಲಿ ಅಜ್ಜಿ ಬಿದ್ದರು ಅಂದ ತಕ್ಷಣ "ಅಯ್ಯೋ ಪಾಪ" ಅನ್ನುತ್ತೇವೆ. ತಪ್ಪಿಗೂ ಕನಿಕರಕ್ಕೂ ಒಂದೇ ಪದ. ಈ ತಂಗಿಯ ಕಥೆ ಓದುವಾಗ ನನಗೆ ಎರಡೂ ಅರ್ಥ ಒಟ್ಟಿಗೇ ಹೊಳೆಯಿತು.

ಮಲೆನಾಡಿನವಳು:

ಟೀಚರ್, ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಯವರೇ, ನೋಡಲು ಹೋಗಿಲ್ಲ. ಹೋಗಲು ಭಯ.

ಇನ್ನೊಂದು ಹೇಳಿರಲಿಲ್ಲ. ಅಜ್ಜಿ ಬಿದ್ದ ಮರುವಾರವೇ ಮಗನಿಗೆ ಜ್ವರ ಬಂತು, ಆರು ದಿನ ಬಿಡಲಿಲ್ಲ. ಈಗ ಪರವಾಗಿಲ್ಲ. ಆದರೆ ನಾನು ಮಾಡಿದ್ದು ಮಗುವಿಗೆ ತಟ್ಟಿತು ಅಂತ ನನ್ನ ತಲೆಯಿಂದ ಹೋಗುತ್ತಿಲ್ಲ. ಜನ್ಮಪಾಪ ಅಂತ ಬೇರೆ ಕಲಿತಿದ್ದೇವಲ್ಲ, ಅದು ತಂದೆ ತಾಯಿಯಿಂದಲೇ ಮಕ್ಕಳಿಗೆ ಬರುವುದು ತಾನೇ?

ಬ್ರಹ್ಮಾವರದವನು:

ಇದಕ್ಕೆ ಉತ್ತರ ಬರೆಯದೆ ಇರಲಾಗಲಿಲ್ಲ. ನಾವು ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯವರು. ಉಡುಪಿ ಹತ್ತಿರ ಕೊಂಕಣಿ, ಕನ್ನಡ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು ಇದ್ದಾರೆ ಅಂದರೆ ಎಷ್ಟೋ ಜನ ನಂಬುವುದಿಲ್ಲ.

ಮೊದಲು ಜ್ವರದ ಮಾತು. ದಯವಿಟ್ಟು ಆ ಯೋಚನೆ ಬಿಡಿ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ, ಪಾಪ ಮಾಡಿದ್ದು ಇವನೋ ಇವನ ತಂದೆ ತಾಯಿಯೋ ಅಂತ. ಯೇಸು ಇಬ್ಬರೂ ಅಲ್ಲ ಅಂದ. ಯೋಹಾನ ಒಂಬತ್ತನೇ ಅಧ್ಯಾಯ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ ತಾನೇ ಅಲ್ಲ ಅಂದ. ಅದಕ್ಕೂ ಹಿಂದೆ ಪ್ರವಾದಿ ಯೆಹೆಜ್ಕೇಲನ ಕಾಲದಲ್ಲಿ ಜನ ಗಾದೆಯನ್ನೇ ಮಾಡಿಕೊಂಡಿದ್ದರು, ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತು ಹೋಯಿತು ಅಂತ. ಇನ್ನು ಮೇಲೆ ಆ ಗಾದೆ ಆಡಬೇಡಿ ಅಂತ ದೇವರು ಹೇಳಿಸುತ್ತಾನೆ. ಹದಿನೆಂಟನೇ ಅಧ್ಯಾಯ ಪೂರ್ತಿ ಇದೇ. ನಿಮ್ಮ ಮಗನಿಗೆ ಜ್ವರ ಬಂದದ್ದು ಜ್ವರ ಬಂದಿದ್ದರಿಂದ.

ಜನ್ಮಪಾಪ ಬೇರೆ ವಿಷಯ. ಅದು ನಿಮ್ಮ ಅಮ್ಮನದೋ ಅಜ್ಜನದೋ ತಪ್ಪು ನಿಮ್ಮ ಲೆಕ್ಕಕ್ಕೆ ಬಂದದ್ದಲ್ಲ. ಆದಾಮನಲ್ಲಿ ಮನುಷ್ಯನ ಸ್ವಭಾವವೇ ಕೆಟ್ಟಿತು, ಆ ಕೆಟ್ಟ ಸ್ಥಿತಿಯಲ್ಲೇ ನಾವೆಲ್ಲ ಹುಟ್ಟುತ್ತೇವೆ ಅನ್ನುವುದು ಅದರ ತಿರುಳು. ಪಶ್ಚಿಮದಲ್ಲಿ ಸಂತ ಅಗಸ್ಟೀನ್ ಇದನ್ನು, ಮನುಷ್ಯ ಹುಟ್ಟಿನಿಂದ ಕೆಟ್ಟವನಲ್ಲ ಅನ್ನುತ್ತಿದ್ದ ಪೆಲಾಜಿಯಸ್ ಜೊತೆ ವಾದಕ್ಕೆ ಬಿದ್ದು ಬೆಳೆಸಿದರು, 418ರಲ್ಲಿ ಕಾರ್ಥೇಜ್ ಸಭೆ ಪೆಲಾಜಿಯಸ್‌ನ ಮಾತನ್ನು ತಳ್ಳಿಹಾಕಿತು. ನಮ್ಮ ಪೂರ್ವದ ಸಭೆಗಳಲ್ಲಿ ಆದಾಮನಿಂದ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧ ಅಲ್ಲ ಅಂತ ಹೇಳುವುದು ಜಾಸ್ತಿ. ಹಾಗಾಗಿ ಪಾಪವನ್ನು ಕೋರ್ಟು ಕೇಸಿನ ಹಾಗೆ ನೋಡುವುದಕ್ಕಿಂತ ರೋಗದ ಹಾಗೆ ನೋಡುವುದು ನಮಗೆ ರೂಢಿ. ಪಾಪನಿವೇದನೆಗೆ ಹೋಗುವುದು ಡಾಕ್ಟರ ಹತ್ತಿರ ಹೋದ ಹಾಗೆ.

ಶಿರಸಿಯವರೇ, ಲೆಕ್ಕದ ಪ್ರಶ್ನೆ ಚೆನ್ನಾಗಿದೆ. ಪುಣ್ಯ ಸೇರಿಸಿ ಪಾಪ ಕಳೆಯುವ ಕ್ರಮ ನಮ್ಮಲ್ಲಿ ಇಲ್ಲ, ಕ್ಷಮೆ ದೇವರು ಕೊಡುವುದು. ಹೀಬ್ರೂ ಬೈಬಲಿನಲ್ಲಿ ಪಾಪಕ್ಕೆ ಇರುವ ಒಂದು ಪದದ ಮೂಲ ಅರ್ಥ ಗುರಿ ತಪ್ಪುವುದು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಬೆನ್ಯಾಮೀನರ ಕಡೆಯ 700 ಜನ ಎಡಚರ ಮಾತು ಬರುತ್ತದೆ, ಒಂದು ಕೂದಲೆಳೆಗೆ ಕವಣೆ ಬೀಸಿದರೂ ತಪ್ಪುತ್ತಿರಲಿಲ್ಲವಂತೆ. ಆ 'ತಪ್ಪು' ಅನ್ನುವ ಕ್ರಿಯಾಪದವೂ ಪಾಪ ಮಾಡುವುದಕ್ಕೆ ಬಳಸುವ ಕ್ರಿಯಾಪದವೂ ಒಂದೇ. ಕನ್ನಡದ 'ತಪ್ಪು' ಕೂಡ ಹಾಗೇ ಅಲ್ವಾ, ಗುರಿ ತಪ್ಪಿತು, ತಪ್ಪು ಮಾಡಿದ. ಅರಿಷಡ್ವರ್ಗದ ಹೋಲಿಕೆ ಸರಿ ಇದೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಮನಸ್ಸನ್ನು ಕಾಡುವ ಎಂಟು ಯೋಚನೆಗಳು ಅಂತ ಬರೆದರು, ಆರನೇ ಶತಮಾನದಲ್ಲಿ ಪೋಪ್ ಗ್ರೆಗರಿ ಅದನ್ನು ಏಳಕ್ಕೆ ಇಳಿಸಿದರು. ಅವು ಮಾಡಿದ ಪಾಪಗಳ ಪಟ್ಟಿ ಅಲ್ಲ, ಪಾಪ ಹುಟ್ಟುವ ಬೇರುಗಳು. ನಿಮ್ಮ ಆರರ ಹಾಗೆ.

ತಂಗೀ, ಕೊನೆಯದಾಗಿ ಒಂದು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಮೊದಲ ಸೋಮವಾರ ನಮ್ಮಲ್ಲಿ ಶುಬ್ಕೋನೊ ಅಂತ ಆರಾಧನೆ ಇದೆ. ಅವತ್ತು ಒಬ್ಬರಿಗೊಬ್ಬರು ತಲೆಬಾಗಿ ಕ್ಷಮೆ ಕೇಳುತ್ತೇವೆ. ಪಾದ್ರಿಯೂ ಜನರ ಹತ್ತಿರ ಕೇಳುತ್ತಾರೆ. ನನ್ನ ತಂದೆ ಒಮ್ಮೆ ನನ್ನ ಮುಂದೆ ಹಾಗೆ ಬಾಗಿದ್ದರು, ನಾನು ಆಗ ಹನ್ನೆರಡು ವರ್ಷದವನು. ಅವರು ಯಾವುದಕ್ಕೆ ಕೇಳಿದರು ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಜ್ಜಿಯ ಹತ್ತಿರ ಹೋಗಿ.

ಮಲೆನಾಡಿನವಳು:

ಹೋಗಿ ಬಂದೆ. ಶನಿವಾರ ಬೆಳಗ್ಗೆ ಪಾಪನಿವೇದನೆ ಮಾಡಿದೆ. ಫಾದರ್ ಜಾಸ್ತಿ ಮಾತಾಡಲಿಲ್ಲ, ಕೀರ್ತನೆ 51 ಓದು, ಆಮೇಲೆ ಅವರ ಮನೆಗೆ ಹೋಗು, ಅದೇ ನಿನ್ನ ಪ್ರಾಯಶ್ಚಿತ್ತ ಅಂದರು.

ಮಗಳ ಮನೆಯಲ್ಲಿ ಅಜ್ಜಿ ಮಂಚದ ಮೇಲಿದ್ದರು, ಪಕ್ಕದಲ್ಲಿ ವಾಕರ್. ತುಂಬಾ ಇಳಿದುಹೋಗಿದ್ದಾರೆ. ಮಗಳು ಕಾಫಿ ಮಾಡಲು ಒಳಗೆ ಹೋದಾಗ ಹೇಳಿಬಿಟ್ಟೆ. ಆ ರಾತ್ರಿ ನಾನು ಮನೆಯಲ್ಲೇ ಇದ್ದೆ ಅಜ್ಜಿ, ಎಚ್ಚರವಾಗೇ ಇದ್ದೆ, ಬಾಗಿಲು ತೆಗೆಯಲಿಲ್ಲ, ತಪ್ಪಾಯಿತು ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಗೊತ್ತು ಕಣಮ್ಮ, ಬಾಗಿಲ ಕೆಳಗೆ ಲೈಟು ಕಾಣಿಸ್ತಿತ್ತು, ನಿನ್ನ ಕಾಲೂ ಕಾಣಿಸ್ತಿತ್ತು" ಅಂದರು.

ನನಗೆ ಮಾತೇ ಹೊರಡಲಿಲ್ಲ. ಮಗಳು ಕಾಫಿ ತಂದರು. ಇಬ್ಬರೂ ಕುಡಿದೆವು. ಅಜ್ಜಿ ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಹೊರಡುವಾಗ ಮಗಳಿಗೆ ಹೇಳಿ ಪರ್ಸಿನಿಂದ ಕೀಲಿ ತೆಗೆಸಿದರು. ಬಾಲ್ಕನಿಯ ತುಳಸಿಗೂ ಕರಿಬೇವಿಗೂ ಮೂರು ವಾರದಿಂದ ಯಾರೂ ನೀರು ಹಾಕಿಲ್ಲವಂತೆ, ದಿನಾ ಸಂಜೆ ಹಾಕು ಅಂದರು. ಫ್ಯೂಸನ್ನೂ ಯಾರಿಗಾದರೂ ಹೇಳಿ ಸರಿ ಮಾಡಿಸು ಅಂದರು.

ತುಳಸಿ ಒಣಗಿಹೋಗಿತ್ತು. ಕರಿಬೇವು ಬದುಕಿದೆ.